ಮರಿಗೆಯ ತಳದ ಹೊನ್ನು

ಹೊನ್ನಾಳಿಯ ಹೆಸರಿನಲ್ಲೇ ಹೊನ್ನಿದೆ, ಹಾಗಾಗಿ ಅಲ್ಲಿನ ನೆಲದಲ್ಲೂ ಹೊನ್ನಿರಲೇಬೇಕು ಎನ್ನುವ ಮಾತು ಕೇಳಲು ಚೆಂದ. ಅದೇ ಜಾಡು ಹಿಡಿದು ಹೊರಟರೆ ಹೊನ್ನಾವರದ ಕಡಲ ದಂಡೆಯನ್ನೂ ಅಗೆಯಬೇಕಾದೀತು. ನ್ಯಾಮತಿಯ ಮಗ್ಗುಲಲ್ಲೇ ಸುರಹೊನ್ನೆ ಇದೆ. ಸುರಹೊನ್ನೆ ಎಂದರೆ ಮರ, ಲೋಹವಲ್ಲ. ಹೊನ್ನು ಎಂಬುದು ನಾಣ್ಯದ ಹೆಸರೂ ಆಗಿತ್ತು. ಚೆನ್ನಾಗಿ ಕಂದಾಯ ಬರುವ ಊರಿಗೂ ಆ ಹೆಸರು ಅಂಟಿಕೊಳ್ಳಬಹುದು. ಆದ್ದರಿಂದ ಊರ ಹೆಸರನ್ನು ಸಾಕ್ಷಿಕಟ್ಟೆಗೆ ಹತ್ತಿಸದಿರುವುದೇ ಒಳ್ಳೆಯದು. ಹಾಗಿದ್ದೂ ಹೊನ್ನಾಳಿ-ನ್ಯಾಮತಿ ಸೀಮೆಯಲ್ಲಿ ಚಿನ್ನವಿರುವುದು ನಿಜ. ಪಲವನಹಳ್ಳಿ, ಕುದುರೆಕೊಂಡಗಳ ಹೆಸರು ಹತ್ತೊಂಬತ್ತನೆಯ ಶತಮಾನದ ಭೂವಿಜ್ಞಾನಿಗಳ ಬರಹಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಆ ಬರಹಗಳನ್ನು ಓದುವಾಗ ಕಾಡುವ ಪ್ರಶ್ನೆ ಚಿನ್ನ ಇತ್ತೇ ಎಂಬುದಲ್ಲ. ಅದು ಅಲ್ಲಿದೆಯೆಂದು ಸಾಹೇಬರಿಗೆ ತೋರಿಸಿಕೊಟ್ಟವರು ಯಾರು ಎಂಬುದು. ಗಣಿಗಾರಿಕೆಯ ಚರಿತ್ರೆಯನ್ನು ನಾವು ಕಂಪನಿಗಳಿಂದ ಶುರುಮಾಡುವ ರೂಢಿ ಹಾಕಿಕೊಂಡಿದ್ದೇವೆ. ಕರ್ನಾಟಕದ ಮಟ್ಟಿಗೆ ಅದನ್ನು ಜಲಗಾರರಿಂದ ಶುರುಮಾಡಬೇಕು ಎಂಬುದು ನನ್ನ ವಾದ.

ಜಲಗಾರ ಎಂದರೆ ಹಳ್ಳದ ಮಣ್ಣು ತೊಳೆದು ಚಿನ್ನದ ಹುಡಿ ತೆಗೆಯುವವನು. ಅವನ ಕಸುಬು ತಿಳಿಯಬೇಕಾದರೆ ಅಡುಗೆಮನೆಗೆ ಹೋದರೆ ಸಾಕು. ಅಕ್ಕಿ ಗಾಳಿಸುವವರು ಪಾತ್ರೆಯನ್ನು ತುಸು ಓರೆ ಮಾಡಿ, ನೀರನ್ನು ಸುತ್ತಿಸಿ, ಅಕ್ಕಿ ಮುಂದಕ್ಕೆ ಜಾರುವಂತೆ, ಕಲ್ಲು ತಳದಲ್ಲೇ ನಿಲ್ಲುವಂತೆ ಮಾಡುತ್ತಾರಲ್ಲ, ಅದೇ ಕೈಚಳಕ. ಅಡುಗೆಮನೆಯಲ್ಲಿ ಮುಂದೆ ಹೋದದ್ದು ಬೇಕು, ತಳದಲ್ಲಿ ಉಳಿದದ್ದು ಬೇಡ. ಹಳ್ಳದಲ್ಲಿ ಅದರ ತಿರುವುಮುರುವು. ಮರದ ಮರಿಗೆಯಲ್ಲಿ ಮಣ್ಣು ತುಂಬಿ ನೀರಿಗಿಳಿಸಿದರೆ ಮೊದಲು ಜೇಡಿ ಕರಗಿ ಕೆಂಪಗೆ ಹರಿದುಹೋಗುತ್ತದೆ. ದಪ್ಪ ಹರಳುಗಳನ್ನು ಕೈಯಿಂದಲೇ ಆರಿಸಿ ಎಸೆಯಬೇಕು. ಆಮೇಲೆ ಬಿಳಿಮರಳು ಅಂಚು ದಾಟುತ್ತದೆ. ಕೊನೆಗೆ ತಳದಲ್ಲಿ ಒಂದು ಚಿಟಿಕೆ ಕರಿಮರಳು ನಿಲ್ಲುತ್ತದೆ. ಇದು ಕಬ್ಬಿಣದ ಅದಿರಿನ ಹುಡಿ, ಮರಳಿಗಿಂತ ಸುಮಾರು ಎರಡು ಪಟ್ಟು ಭಾರ. ಮರಿಗೆಯನ್ನು ಮೆಲ್ಲಗೆ ತಟ್ಟಿದರೆ ಆ ಕಪ್ಪು ಬಾಲದ ತುದಿಯಲ್ಲಿ ಹಳದಿ ಗೆರೆಯೊಂದು ಬಿಟ್ಟುಕೊಳ್ಳುತ್ತದೆ, ಅದೃಷ್ಟವಿದ್ದರೆ. ಬೆಣಚುಕಲ್ಲಿನ ಸಾಂದ್ರತೆ 2.65, ಚಿನ್ನದ್ದು 19.3. ಈ ಏಳು ಪಟ್ಟು ಅಂತರವೇ ಜಲಗಾರನ ಬಂಡವಾಳ. ಬಿಸಿಲಿಗೆ ಥಳಥಳಿಸುವ ಕಾಗೆಬಂಗಾರ ಹೊಸಬರ ಕಣ್ಣು ಕೋರೈಸುತ್ತದೆ, ಆದರೆ ಹಗುರವಾದ ಆ ಚೂರುಗಳು ನೀರಿನ ಜೊತೆ ತೇಲಿ ಹೋಗುತ್ತವೆ. ಮರಿಗೆ ಹೊಳಪನ್ನು ನೋಡುವುದಿಲ್ಲ, ತೂಕವನ್ನು ನೋಡುತ್ತದೆ.

ಆದರೆ ತೊಳೆಯುವುದು ಕಸುಬಿನ ಅರ್ಧ ಮಾತ್ರ. ಎಲ್ಲಿ ತೊಳೆಯಬೇಕು ಎಂಬುದು ಇನ್ನರ್ಧ, ಮತ್ತು ನನ್ನ ಲೆಕ್ಕದಲ್ಲಿ ದೊಡ್ಡ ಅರ್ಧ. ಹಳ್ಳ ತಿರುಗುವ ಕಡೆ ಒಳಬಾಗಿನ ಮರಳು, ಅಡ್ಡಬಂಡೆಯ ಹಿಂದಿನ ಕೊರಕಲು, ಗಟ್ಟಿನೆಲದ ಮೇಲೆ ಕೂತ ಹರಳುಮಣ್ಣು — ನೀರಿನ ವೇಗ ಕುಗ್ಗುವ ಕಡೆಯೆಲ್ಲ ಭಾರದ ವಸ್ತು ಕೆಳಗಿಳಿಯುತ್ತದೆ. ಹಳ್ಳ ಹಿಡಿದು ಮೇಲೆ ಮೇಲೆ ತೊಳೆಯುತ್ತ ಹೋದರೆ ಒಂದು ಹಂತದಲ್ಲಿ ಚಿನ್ನ ನಿಂತುಹೋಗುತ್ತದೆ. ಅಂದರೆ ಅದು ಇಳಿದು ಬಂದ ಗುಡ್ಡ ಅಲ್ಲೇ ಎಡಕ್ಕೋ ಬಲಕ್ಕೋ ಇದೆ ಎಂದರ್ಥ. ಇಂದಿಗೂ ಭೂವಿಜ್ಞಾನಿಗಳು ಹೊಸ ಸೀಮೆಗೆ ಹೋದರೆ ಹಳ್ಳಗಳ ಮರಳನ್ನು ಹೀಗೇ ಹಂತಹಂತವಾಗಿ ಪರೀಕ್ಷಿಸುತ್ತಾರೆ.

ಹೊನ್ನಾಳಿ ಸೀಮೆಯ ನೆಲ ಎಂಥದು ಎಂಬುದನ್ನೂ ಹೇಳಬೇಕು, ಯಾಕೆಂದರೆ ಹರಳು ಹುಡುಕುವ ಹವ್ಯಾಸಿಗಳಿಗೆ ಇಲ್ಲಿ ನಿರಾಸೆ ಕಾದಿದೆ. ಒಡೆದರೆ ಒಳಗೆ ಪೊಳ್ಳು, ಪೊಳ್ಳಿನ ತುಂಬ ಸ್ಫಟಿಕ ಇರುವ ಉರುಟು ಕಲ್ಲುಗಳು ಹುಟ್ಟುವುದು ಹೆಚ್ಚಾಗಿ ಲಾವಾ ಶಿಲೆಯಲ್ಲಿ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದು ಹೆಪ್ಪುಗಟ್ಟಿದ ದಖ್ಖನ್ ಲಾವಾದಲ್ಲಿ ಅನಿಲದ ಗುಳ್ಳೆಗಳು ಉಳಿದುಕೊಂಡವು. ಸಿಲಿಕಾ ಕರಗಿದ ನೀರು ಅವುಗಳೊಳಗೆ ಇಳಿದು ಪದರ ಪದರವಾಗಿ ಅಗೇಟ್ ಕಟ್ಟಿತು. ಕರ್ನಾಟಕದಲ್ಲಿ ಅಂಥ ನೆಲ ಇರುವುದು ಬೀದರ್, ಕಲಬುರಗಿ, ವಿಜಯಪುರ, ಬೆಳಗಾವಿಗಳ ಕಡೆ. ಹೊನ್ನಾಳಿ, ಚನ್ನಗಿರಿ, ಜಗಳೂರುಗಳ ಗುಡ್ಡಗಳ ಕಥೆ ಬೇರೆ. ಅವು 250 ಕೋಟಿ ವರ್ಷಕ್ಕೂ ಹಳೆಯವು, ಒತ್ತಿ ಮಡಿಸಿ ಬೇಯಿಸಿದ ಶಿಲೆಗಳು. ಗುಳ್ಳೆಗಳೆಲ್ಲ ಎಂದೋ ಅಮುಕಿಹೋಗಿವೆ. ಇಲ್ಲಿ ಹರಳು ಸಿಕ್ಕರೆ ಬೆಣಚುಕಲ್ಲಿನ ಎಳೆಗಳ ಬಿರುಕಿನಲ್ಲಿ ಸಿಗಬೇಕು, ಚಿನ್ನ ಬಂದದ್ದೂ ಆ ಎಳೆಗಳ ಜೊತೆಗೇ. ಕಲ್ಲಿಗೆ ತಕ್ಕ ಬಳಕೆ: ಜಗಳೂರಿನ ಮನೆಗಳನ್ನು ಕಬ್ಬಿಣದ ಕಲ್ಲಿನಿಂದ ಕಟ್ಟಿ ಮೇಲೆ ಮಣ್ಣಿನ ಮಾಳಿಗೆ ಹಾಕಿದ್ದಾರೆಂದು ಲೂಯಿಸ್ ರೈಸ್ ಅವರ ಮೈಸೂರು ಗೆಜೆಟಿಯರ್ ದಾಖಲಿಸಿದೆ. ಚನ್ನಗಿರಿಯ ಕಡೆ ಮ್ಯಾಂಗನೀಸ್ ಮತ್ತು ಸುಣ್ಣಕಲ್ಲು. ಅಲ್ಲಿನ ಒಂದು ಶಿಲಾವರ್ಗಕ್ಕೆ ಭೂವಿಜ್ಞಾನಿಗಳು ಜೋಳದಾಳಿನ ಹೆಸರನ್ನೇ ಇಟ್ಟಿದ್ದಾರೆ.

ಇನ್ನು ಚಿನ್ನ ತೋರಿಸಿಕೊಟ್ಟವರು ಜಲಗಾರರೇ ಎಂಬುದರ ಸಾಕ್ಷ್ಯಕ್ಕೆ ಬರೋಣ. ಕೋಲಾರದ್ದು ಸ್ಪಷ್ಟವಾಗಿದೆ. ಟಿಪ್ಪುವಿನ ಪತನದ ಬಳಿಕ ಮೈಸೂರಿನ ಪೂರ್ವ ಗಡಿಯ ಸರ್ವೆಗೆಂದು ಬಂದಿದ್ದ ಲೆಫ್ಟಿನೆಂಟ್ ಜಾನ್ ವಾರೆನ್, 1802ರಲ್ಲಿ ಚಿನ್ನದ ಸುದ್ದಿ ಕೇಳಿ, ತೋರಿಸಿದವರಿಗೆ ಇನಾಮು ಕೊಡುವುದಾಗಿ ಸಾರಿದ. ಹಳ್ಳಿಯವರು ಗಾಡಿಯಲ್ಲಿ ಮಣ್ಣು ಹೇರಿಕೊಂಡು ಬಂದು ಅವನ ಕಣ್ಣೆದುರೇ ತೊಳೆದರು. ಹಳದಿ ಹುಡಿ ಉಳಿಯಿತು. ವಾರೆನ್ ಬರೆದಿಟ್ಟ ವರದಿಯನ್ನು ಎಪ್ಪತ್ತು ವರ್ಷಗಳ ಮೇಲೆ ಓದಿದವನು ಮೈಕೇಲ್ ಲವೆಲ್, ನ್ಯೂಜಿಲೆಂಡಿನಲ್ಲಿ ಸೈನಿಕನಾಗಿ ದುಡಿದು ಬೆಂಗಳೂರಿಗೆ ಬಂದವನು. ಅವನು 1873ರಲ್ಲಿ ಮೈಸೂರು ಸರ್ಕಾರಕ್ಕೆ ಅರ್ಜಿ ಹಾಕಿದ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂತು, 2001ರ ಫೆಬ್ರುವರಿಯಲ್ಲಿ ಗಣಿ ಮುಚ್ಚಿತು. ಈ ಸರಪಳಿಯ ಮೊದಲ ಕೊಂಡಿ ಗಾಡಿಯಲ್ಲಿ ಮಣ್ಣು ತಂದವರೇ. ಅವರ ಹೆಸರನ್ನು ಯಾರೂ ಬರೆದಿಡಲಿಲ್ಲ.

ಧಾರವಾಡ ಸೀಮೆಯಲ್ಲೂ ಇದೇ ಕಥೆ. ಕಪ್ಪತಗುಡ್ಡದ ಸುತ್ತ ಡೋಣಿ, ಸೊರಟೂರುಗಳ ಹಳ್ಳಗಳಲ್ಲಿ ಜಲಗಾರರು ಚಿನ್ನ ತೊಳೆಯುತ್ತಿದ್ದುದನ್ನು ಕ್ಯಾಪ್ಟನ್ ನ್ಯೂಬೋಲ್ಡ್ ಗುರುತಿಸಿದ. 1874ರಲ್ಲಿ ಡಂಬಳದ ಗುಡ್ಡಗಳ ಬಗ್ಗೆ ಬರೆದ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಯಾವ ಹಳ್ಳದಲ್ಲಿ ಚಿನ್ನ ಹೆಚ್ಚು, ಯಾವುದರಲ್ಲಿ ಕಡಿಮೆ ಎಂದು ತೀರ್ಮಾನಿಸಿದ್ದು ಜಲಗಾರರ ತೊಳೆತವನ್ನು ಆಧರಿಸಿಯೇ. ಫೂಟ್ ಸಾಮಾನ್ಯ ಮನುಷ್ಯನಲ್ಲ. 1863ರಲ್ಲಿ ಮದರಾಸಿನ ಬಳಿಯ ಪಲ್ಲಾವರಂನಲ್ಲಿ ಒಂದು ಕಲ್ಲನ್ನು ಎತ್ತಿಕೊಂಡು, ಅದು ಆದಿಮಾನವನ ಕೈಕೊಡಲಿಯೆಂದು ಗುರುತಿಸಿ ಭಾರತದ ಪ್ರಾಗಿತಿಹಾಸಕ್ಕೆ ಬಾಗಿಲು ತೆರೆದವನು. ನಮ್ಮ ಗುಡ್ಡಗಳಿಗೆ ಧಾರವಾಡ ಶಿಲಾವರ್ಗ ಎಂಬ ಹೆಸರು ಬಂದದ್ದೂ ಅವನಿಂದ. 1880ರ ದಶಕದಲ್ಲಿ ಅವನು ಮೈಸೂರಿನ ಚಿನ್ನದ ಸೀಮೆಗಳನ್ನು ಸುತ್ತಿ ಹೊನ್ನಾಳಿ ಭಾಗದ ಬಗ್ಗೆಯೂ ಬರೆದ. ಕೋಲಾರದಲ್ಲಿ ಅದೃಷ್ಟ ಖುಲಾಯಿಸಿದ ಸುದ್ದಿ ಹಬ್ಬಿದ್ದ ಕಾಲ ಅದು. ಹೊನ್ನಾಳಿಗೂ ಗಣಿಗಾರರು ಬಂದರು, ಬೆಣಚುಕಲ್ಲಿನ ಎಳೆ ಹಿಡಿದು ಬಾವಿ ತೋಡಿದರು. ಅದು ಕೋಲಾರವಾಗಲಿಲ್ಲ, ಸ್ವಲ್ಪ ಕಾಲ ನಡೆದು ನಿಂತುಹೋಯಿತು.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ. ಜಲಗಾರನಿಗೆ ದಿನವಿಡೀ ದುಡಿದರೂ ಸಿಗುತ್ತಿದ್ದದ್ದು ಗುಲಗಂಜಿಯ ಒಂದು ಪಾಲು. ಇಷ್ಟು ಅಲ್ಪವನ್ನು ಜ್ಞಾನ ಎಂದು ಮೆರೆಸುವುದೇಕೆ, ಅದು ಹೊಟ್ಟೆಪಾಡಲ್ಲವೇ? ಲೆಕ್ಕ ಹಾಕಿ ನೋಡೋಣ. ಟನ್ನಿಗೆ ಒಂದು ಗ್ರಾಂ ಚಿನ್ನ ಎಂದರೆ ಹತ್ತು ಲಕ್ಷದಲ್ಲಿ ಒಂದು ಪಾಲು. ಒಂದು ಮರಿಗೆಗೆ ಹತ್ತು ಕಿಲೋ ಮಣ್ಣು ಹಿಡಿದರೆ ಒಂದು ಗ್ರಾಂಗಾಗಿ ನೂರು ಮರಿಗೆ ತೊಳೆಯಬೇಕು. ಇಷ್ಟು ತೆಳುವಾಗಿ ಹರಡಿದ ಚಿನ್ನಕ್ಕಾಗಿ ಕಲ್ಲು ಒಡೆಯುವ ಯಂತ್ರ, ಉಗಿ ಎಂಜಿನ್ನು, ಸಂಬಳದ ಮ್ಯಾನೇಜರು, ಲಂಡನ್ನಿನ ಷೇರುದಾರರಿಗೆ ಲಾಭಾಂಶ ಎಲ್ಲವನ್ನೂ ಹೊರಿಸಿದರೆ ಗುಡ್ಡ ಹೊರಲಾರದು. ಆದರೆ ಮಳೆ ಬಂದು ಹಳ್ಳ ಹರಿದಾಗ ಗುಡ್ಡವನ್ನು ಒಡೆಯುವ ಕೆಲಸ, ಸಾಗಿಸುವ ಕೆಲಸ, ಅರ್ಧ ಜರಡಿ ಹಿಡಿಯುವ ಕೆಲಸ ಎಲ್ಲವನ್ನೂ ನೀರೇ ಬಿಟ್ಟಿ ಮಾಡಿಟ್ಟಿರುತ್ತದೆ. ಮರಿಗೆ ಹಿಡಿದವನು ಕೊನೆಯ ಮೆಟ್ಟಿಲಷ್ಟನ್ನೇ ಹತ್ತಬೇಕು. ಎಷ್ಟು ಸಿಕ್ಕೀತು, ಅದಕ್ಕೆ ಎಷ್ಟು ಖರ್ಚು ಮಾಡಬಹುದು ಎಂಬ ಅಂದಾಜು ಕಂಪನಿಗಳಿಗಿಂತ ಜಲಗಾರನಿಗೇ ಚೆನ್ನಾಗಿತ್ತು. ಅಲ್ಪ ಗಳಿಕೆ ಅವನ ಅಜ್ಞಾನದ ಗುರುತಲ್ಲ, ಆ ನೆಲದ ಸರಿಯಾದ ಅಳತೆ.

ಇನ್ನೊಂದು ಆಕ್ಷೇಪ ಇದಕ್ಕಿಂತ ಮೊನಚು: ಗುಡ್ಡದ ಒಡಲಲ್ಲಿ ಎಳೆ ಇದೆಯೆಂದು ಗೊತ್ತಿದ್ದವರು ಹಳ್ಳದಲ್ಲೇ ಯಾಕೆ ಉಳಿದರು, ಒಳಗೆ ಯಾಕೆ ಇಳಿಯಲಿಲ್ಲ? ಇಳಿಯಲಿಲ್ಲ ಎನ್ನುವುದೇ ತಪ್ಪು. ರಾಯಚೂರು ಸೀಮೆಯ ಹಟ್ಟಿಯಲ್ಲಿ ಸುಮಾರು 2000 ವರ್ಷಗಳ ಹಿಂದೆಯೇ ಜನ ನೂರಾರು ಅಡಿ ಆಳಕ್ಕೆ ಇಳಿದಿದ್ದರು. ಬಂಡೆಗೆ ಬೆಂಕಿಯಿಟ್ಟು ಕಾಯಿಸಿ ಸೀಳುತ್ತಿದ್ದರು. ಆಧುನಿಕ ಗಣಿಗಾರರು ಅಲ್ಲಿ ಗಣಿ ಹುಡುಕಲಿಲ್ಲ, ಹಳೆಯ ಕುಳಿಗಳನ್ನು ಹುಡುಕಿದರು. (ಹೀಗೆ ಅಲೆಯುತ್ತಿದ್ದ ನಿಜಾಮರ ಗಣಿ ಎಂಜಿನಿಯರ್ ಸಿ. ಬೀಡನ್ 1915ರಲ್ಲಿ ಮಸ್ಕಿಯ ಬಂಡೆಯಲ್ಲಿ ಅಶೋಕನ ಹೆಸರಿರುವ ಶಾಸನ ಕಂಡ. ಚಿನ್ನ ಹುಡುಕಲು ಹೋದವನಿಗೆ ಚಕ್ರವರ್ತಿ ಸಿಕ್ಕ.) ಆದರೆ ಆಳದ ಗಣಿಗೆ ಸೌದೆ ಬೇಕು, ನೀರೆತ್ತುವ ಏರ್ಪಾಡು ಬೇಕು, ನೂರಾರು ಜನರಿಗೆ ಕೂಳು ಹಾಕುವ ಧಣಿ ಬೇಕು. ಅದು ಅರಸೊತ್ತಿಗೆಯ ಕೆಲಸ. ಅಂಥ ಆಸರೆ ಕಳಚಿದ ಮೇಲೆ ಉಳಿಯುವುದು ಒಂದು ಸಂಸಾರ ನಿಭಾಯಿಸಬಲ್ಲ ಭಾಗ ಮಾತ್ರ: ಹಳ್ಳ, ಮರಿಗೆ, ಮಳೆಗಾಲ.

ಇದನ್ನೆಲ್ಲ ಓದಿ ಜಲಗಾರನ ಬಾಳು ಹಳ್ಳದ ದಂಡೆಯ ಹಾಯಾದ ವಿಹಾರವೆಂದುಕೊಂಡರೆ ತಪ್ಪಾದೀತು. ತಣ್ಣೀರಿನಲ್ಲಿ ಸೊಂಟ ಬಗ್ಗಿಸಿ ನಿಲ್ಲುವ ಕೆಲಸ, ಸಿಕ್ಕ ಹುಡಿಗೆ ಬೆಲೆ ಕಟ್ಟುವವನು ಬೇರೆಯವನು. ಅಮೆರಿಕದಲ್ಲಿ ಇಂಥದೇ ಕೆಲಸ ರಜಾದಿನದ ಮೋಜಾಗಿದೆ: ಯೂಟಾದ ಡಗ್ವೇ ಬಯಲಿನಲ್ಲಿ ಪೊಳ್ಳುಗಲ್ಲು ಅಗೆದು ಮನೆಗೊಯ್ಯಬಹುದು, ಅರ್ಕಾನ್ಸಾದ ಒಂದು ಸರ್ಕಾರಿ ಉದ್ಯಾನದಲ್ಲಿ ಶುಲ್ಕ ಕೊಟ್ಟು ಒಳಹೊಕ್ಕವರು ತಾವು ಆರಿಸಿದ ವಜ್ರವನ್ನು ತಾವೇ ಇಟ್ಟುಕೊಳ್ಳಬಹುದು. ನಮ್ಮಲ್ಲಿ ಬಾಗಿಲು ಮುಚ್ಚಿದ್ದು ಹೆಚ್ಚುಕಡಿಮೆ ಸದ್ದಿಲ್ಲದೆ. 1957ರ ಗಣಿ ಮತ್ತು ಖನಿಜ ಕಾಯ್ದೆ ಪರವಾನಗಿಯಿಲ್ಲದೆ ಖನಿಜ ತೆಗೆಯುವುದನ್ನು ನಿಷೇಧಿಸುತ್ತದೆ. ಪ್ರಾಸ್ಪೆಕ್ಟಿಂಗ್ ಪರವಾನಗಿಗೆ ಅದು ಹಾಕಿದ ಗರಿಷ್ಠ ಮಿತಿ 25 ಚದರ ಕಿಲೋಮೀಟರ್, ಗಣಿ ಗುತ್ತಿಗೆಗೆ 10. ಅನಿರ್ಬಂಧಿತ ಅಗೆತದಿಂದ ಕರ್ನಾಟಕದ ಗುಡ್ಡಗಳಿಗೆ ಏನಾಯಿತೆಂದು ಬಳ್ಳಾರಿ ಕಂಡವರು ಈ ಕಾಯ್ದೆಯನ್ನು ಸಡಿಲಿಸಿ ಎನ್ನಲಾರರು, ನಾನೂ ಎನ್ನುವುದಿಲ್ಲ. ಆದರೆ ಚದರ ಕಿಲೋಮೀಟರಿನಲ್ಲಿ ಮಾತಾಡುವ ಕಾಯ್ದೆಯ ಮುಂದೆ ಮರಿಗೆ ಹಿಡಿದವನು ಅರ್ಜಿ ಹಾಕುವ ಗಿರಾಕಿಯೇ ಅಲ್ಲ.

ಜಲಗಾರ ಎಂಬ ಪದಕ್ಕೆ ಕನ್ನಡದಲ್ಲಿ ಇನ್ನೊಂದು ಅರ್ಥವಿದೆ: ಬೀದಿ ಗುಡಿಸುವವನು. ಕುವೆಂಪು ಅವರ ‘ಜಲಗಾರ’ ನಾಟಕದ ಮೂಲಕ ಹೆಚ್ಚಿನವರು ಬಲ್ಲದ್ದು ಅದನ್ನೇ. ಎರಡು ಅರ್ಥಗಳು ಒಂದೇ ಪದದಲ್ಲಿ ಹೇಗೆ ಕೂಡಿದವೆಂಬುದಕ್ಕೆ ನನಗೆ ತೋರುವ ದಾರಿ ಅಕ್ಕಸಾಲಿಯ ಅಂಗಡಿಯ ಮುಂದೆ ಹಾದುಹೋಗುತ್ತದೆ. ಅರದಿಂದ ಉದುರಿದ ಹುಡಿ, ಮೂಸೆಯಿಂದ ಸಿಡಿದ ಕಾಳು, ಕುಲುಮೆಯ ಬೂದಿ ಎಲ್ಲ ನೆಲದ ಕಸದಲ್ಲಿ ಸೇರುತ್ತವೆ. ಆ ಕಸ ಗುಡಿಸಿ ಒಯ್ದು ತೊಳೆಯುವವನೂ ಜಲಗಾರನೇ. ಕೆಲಸಕ್ಕೆ ಹಳ್ಳವೇ ಬೇಕೆಂದಿಲ್ಲ. ದೊಡ್ಡ ಪೇಟೆಗಳ ಅಕ್ಕಸಾಲಿ ಬೀದಿಗಳಲ್ಲಿ ಈಗಲೂ ನಸುಕಿನಲ್ಲಿ ಚರಂಡಿಯಂಚಿನ ಕೆಸರನ್ನು ಕುಂಚದಿಂದ ಬಳಿದು ಬಾಣಲೆಗೆ ತುಂಬಿಕೊಳ್ಳುವವರಿದ್ದಾರೆ. ನೀರು ಹುಯ್ಯುತ್ತಾರೆ, ಓರೆ ಮಾಡಿ ಸುತ್ತಿಸುತ್ತಾರೆ, ಹಗುರವಾದದ್ದನ್ನು ಅಂಚಿನಿಂದ ಚೆಲ್ಲುತ್ತಾರೆ, ಮತ್ತೆ ನೀರು ಹುಯ್ಯುತ್ತಾರೆ.