ಹೆಸರು ಬದಲಾದ ಹಡಗು

ಫ್ರಾನ್ಸಿನ ಸೇಂಟ್ ನಜೈರಿನಲ್ಲಿ 1960ರ ಮೇ 11ರಂದು ನೀರಿಗಿಳಿದ ಮಹಾನೌಕೆಗೆ ಆ ದೇಶದ ಹೆಸರನ್ನೇ ಇಡಲಾಯಿತು. 315 ಮೀಟರ್ ಉದ್ದದ 'ಫ್ರಾನ್ಸ್' 1962ರಲ್ಲಿ ನ್ಯೂಯಾರ್ಕಿಗೆ ತನ್ನ ಪ್ರಥಮ ಯಾನವನ್ನು ಕೈಗೊಂಡಿತು. ಆ ವೇಳೆಗಾಗಲೇ ಜೆಟ್ ವಿಮಾನಗಳು ಅಟ್ಲಾಂಟಿಕ್ ಸಾಗರವನ್ನು ಕೆಲವೇ ಗಂಟೆಗಳಲ್ಲಿ ದಾಟುತ್ತಿದ್ದವು. ಸರ್ಕಾರದ ಸಹಾಯಧನದಿಂದ ಸಾಗುತ್ತಿದ್ದ ಈ ಹಡಗು, ತೈಲದ ಬೆಲೆ ಏರಿದಾಗ, 1974ರಲ್ಲಿ ಸೇವೆಯಿಂದ ನಿವೃತ್ತವಾಯಿತು.

1979ರಲ್ಲಿ ನಾರ್ವೆಯ ಕ್ನೂಟ್ ಕ್ಲೋಸ್ಟರ್ ಅದನ್ನು ಕೊಂಡು 'ನಾರ್ವೆ' ಎಂದು ಹೆಸರಿಟ್ಟರು. ವಿಹಾರಕ್ಕೆ ವೇಗವೇಕೆ? ನಾಲ್ಕು ಚಾಲಕ ಚಕ್ರಗಳಲ್ಲಿ ಎರಡನ್ನು ತೆಗೆದುಹಾಕಲಾಯಿತು. ಮಯಾಮಿಯಿಂದ ಕೆರಿಬಿಯನ್ ದ್ವೀಪಗಳಿಗೆ ಎರಡು ದಶಕಗಳಿಗೂ ಮಿಕ್ಕಿ ಅದು ಪ್ರವಾಸಿಗರನ್ನು ಒಯ್ದಿತು. ಮೇಲಿನ ಅಂತಸ್ತುಗಳಲ್ಲಿ ಸಂಗೀತ, ಭೋಜನ. ಕೆಳಗೆ ಮುದಿಯಾಗುತ್ತಿದ್ದ ಬಾಯ್ಲರುಗಳು. 2003ರ ಮೇ 25ರಂದು, ಮಯಾಮಿ ಬಂದರಿನಲ್ಲಿ ನಿಂತಿದ್ದಾಗ, ಅವುಗಳಲ್ಲೊಂದು ಸಿಡಿದು ಎಂಟು ಮಂದಿ ಸಿಬ್ಬಂದಿ ಮೃತಪಟ್ಟರು. ಪ್ರಯಾಣಿಕರಲ್ಲಿ ಒಬ್ಬರೂ ಸಾಯಲಿಲ್ಲ. ಬಾಯ್ಲರಿನ ನಿರ್ವಹಣೆ, ದುರಸ್ತಿ, ತಪಾಸಣೆಗಳಲ್ಲಿನ ಲೋಪವೇ ಕಾರಣವೆಂದು ಅಮೆರಿಕದ ತನಿಖಾ ಮಂಡಳಿ ನಿರ್ಣಯಿಸಿತು.

ಅನಂತರದ ಕಥೆಯೇ ಹೆಚ್ಚು ವಿಚಾರಾರ್ಹವಾದುದು. ಬೆಂಕಿಯಿಂದ ರಕ್ಷಣೆಗೆಂದು ಹಡಗಿನ ಗೋಡೆ, ಕೊಳವೆಗಳಲ್ಲಿ ಕಲ್ನಾರನ್ನು, ಅಂದರೆ ಆಸ್ಬೆಸ್ಟಾಸನ್ನು, ಧಾರಾಳವಾಗಿ ತುಂಬಲಾಗಿತ್ತು. ಕಲ್ನಾರು ಬೆರೆತ ವಸ್ತು 1,200 ಟನ್ನಿಗೂ ಅಧಿಕವೆಂದು ಅಂದಾಜು. ಅದರ ಎಳೆ ಉಸಿರಿನೊಡನೆ ಒಳಹೊಕ್ಕರೆ ರೋಗ ಕಾಣಿಸಿಕೊಳ್ಳುವುದು ದಶಕಗಳು ಕಳೆದ ಮೇಲೆ. ಅಷ್ಟರಲ್ಲಿ ಕೂಲಿಕಾರನು ಊರಿಗೆ ಮರಳಿರುತ್ತಾನೆ, ಲೆಕ್ಕಪತ್ರ ಮುಗಿದಿರುತ್ತದೆ. ವಿಷವಿರುವ ಹಡಗನ್ನು ಒಡೆಯಲೆಂದು ಬಡದೇಶಗಳಿಗೆ ಕಳುಹಿಸಲು ಅಂತರರಾಷ್ಟ್ರೀಯ ಒಪ್ಪಂದದ ಅಡ್ಡಿಯಿದ್ದುದರಿಂದ, ಮುಂದಿನ ಬಳಕೆಗೆಂದು ಹೇಳಿ 2005ರಲ್ಲಿ ಅದನ್ನು ಜರ್ಮನಿಯಿಂದ ಮಲೇಷ್ಯಾಕ್ಕೆ ಎಳೆದೊಯ್ಯಲಾಯಿತು. ಮಾರಾಟವಾಗಿ 'ಬ್ಲೂ ಲೇಡಿ'ಯಾದ ಹಡಗನ್ನು 2006ರಲ್ಲಿ ಬಾಂಗ್ಲಾದೇಶ ನಿರಾಕರಿಸಿತು. ಅದೇ ವರ್ಷ ಅದು ಗುಜರಾತಿನ ಅಲಂಗ್ ತೀರವನ್ನು ಸೇರಿತು. ಹೆಸರು, ಬಾವುಟ, ಒಡೆಯ ಬದಲಾದಂತೆಲ್ಲ ಹೊಣೆಗಾರನೂ ಕಣ್ಮರೆಯಾಗುತ್ತ ಬಂದನೆಂಬುದನ್ನು ಗಮನಿಸಬೇಕು.

ಒಡೆಯುವ ಮೊದಲು ಒಡೆಯನೇ ವಿಷವಸ್ತುಗಳನ್ನು ತೆಗೆಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 2003ರಲ್ಲಿಯೇ ಆದೇಶಿಸಿತ್ತು. ಆದರೂ 2007ರ ಸೆಪ್ಟೆಂಬರಿನಲ್ಲಿ, ಹಳ್ಳಿಗರ ಆಕ್ಷೇಪವಿದ್ದರೂ, ತಜ್ಞ ಸಮಿತಿಯ ವರದಿಯನ್ನು ಆಧರಿಸಿ ಅದೇ ನ್ಯಾಯಾಲಯ ಅನುಮತಿ ನೀಡಿತು. ಉಕ್ಕಿನ ಬೇಡಿಕೆ, ಸಾವಿರಾರು ಜನರ ಅನ್ನ ಇವು ಸುಳ್ಳು ವಾದಗಳಲ್ಲ. ಒಡಿಶಾ, ಬಿಹಾರ, ಉತ್ತರ ಪ್ರದೇಶಗಳಿಂದ ಬಂದವರು ಅನಿಲದ ಜ್ವಾಲೆಯಿಂದ ಹಡಗುಗಳನ್ನು ಕೊಯ್ಯುವ ಆ ಮರಳ ದಂಡೆಯಲ್ಲಿ, ಅನ್ನವೂ ಅಪಾಯವೂ ಒಂದೇ ಕೈಯಿಂದ ದೊರೆಯುತ್ತಿದ್ದವು.

ಒಡೆಯುವ ಕೆಲಸ ಮುಗಿಯುತ್ತ ಬಂದಾಗ ಮೂತಿಯ ತುದಿಯೊಂದನ್ನು ಜೋಪಾನವಾಗಿ ಕತ್ತರಿಸಿ ತೆಗೆಯಲಾಯಿತು. 2009ರಲ್ಲಿ ಅದು ಪ್ಯಾರಿಸಿನಲ್ಲಿ ಹರಾಜಾಯಿತು. 2018ರಲ್ಲಿ ಹಡಗಿನ ಹಳೆಯ ಬಂದರಾದ ಲ ಹಾವ್ರ್‌ನ ದಕ್ಕೆಯಲ್ಲಿ ಸ್ಮಾರಕವಾಗಿ ನಿಂತಿತು.