‘ದಿ ಕಿಂಗ್ ಆಫ್ ಕಾಮಿಡಿ’: ಹೆಸರಿನ ಹಸಿವಿನ ಕಥೆ

‘ದಿ ಕಿಂಗ್ ಆಫ್ ಕಾಮಿಡಿ’ ಅಮೆರಿಕದ ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸಿ ಅವರ ಇಂಗ್ಲಿಷ್ ಚಿತ್ರ. ಅಮೆರಿಕದಲ್ಲಿ 1983ರಲ್ಲಿ ತೆರೆಕಂಡಿತು. ಹೆಸರು ಕೇಳಿ ನಗಲೆಂದು ಕುಳಿತವರಿಗೆ ನಗುವಿಗಿಂತ ಕಸಿವಿಸಿಯೇ ಹೆಚ್ಚು.

ಕಥೆ ನ್ಯೂಯಾರ್ಕ್ ನಗರದ್ದು. ರೂಪರ್ಟ್ ಪಪ್ಕಿನ್‌ಗೆ (ರಾಬರ್ಟ್ ಡಿ ನೀರೊ) ವಯಸ್ಸು 34. ಟಿವಿಯಲ್ಲಿ ಹಾಸ್ಯ ಮಾಡಿ ದೊಡ್ಡ ಹೆಸರು ಗಳಿಸಬೇಕೆಂಬುದೊಂದೇ ಆಸೆ. ಮನೆಯ ನೆಲಮಾಳಿಗೆಯಲ್ಲಿ ತಾರೆಯರ ಕಟೌಟ್ ನಿಲ್ಲಿಸಿಕೊಂಡು, ಅವರ ಜೊತೆ ತಾನೂ ಟಿವಿಯಲ್ಲಿ ಇರುವಂತೆ ಮಾತಾಡುತ್ತಾನೆ. ಆಗಾಗ ತಾಯಿ ಗದರುವ ದನಿ ಮಾತ್ರ ಕೇಳುತ್ತದೆ. ಆ ದನಿ ನಿರ್ದೇಶಕರ ತಾಯಿ ಕ್ಯಾಥರಿನ್ ಅವರದು.

ಒಂದು ರಾತ್ರಿ ಜನಪ್ರಿಯ ನಿರೂಪಕ ಜೆರ್ರಿ ಲ್ಯಾಂಗ್‌ಫರ್ಡ್‌ನನ್ನು (ಜೆರ್ರಿ ಲೂಯಿಸ್) ಅಭಿಮಾನಿಗಳು ಮುತ್ತುತ್ತಾರೆ. ಅವನನ್ನು ಪಾರು ಮಾಡಿದ ರೂಪರ್ಟ್ ಅದೇ ಕಾರು ಹತ್ತುತ್ತಾನೆ. ‘ಆಫೀಸಿಗೆ ಫೋನ್ ಮಾಡು’ ಎಂದು ಜೆರ್ರಿ ಸಾಗಹಾಕಿದ್ದನ್ನೇ ಮಾತು ಕೊಟ್ಟಂತೆ ತಿಳಿಯುತ್ತಾನೆ. ಮೊದಲು ಸಣ್ಣ ವೇದಿಕೆಗಳಲ್ಲಿ ಪಳಗು ಎಂಬ ಬುದ್ಧಿವಾದ ಅವನಿಗೆ ಬೇಡ. ಕೊನೆಗೆ ಮಾಷಾ (ಸ್ಯಾಂಡ್ರಾ ಬರ್ನ್‌ಹಾರ್ಡ್) ಎಂಬ ಇನ್ನೊಬ್ಬ ಹುಚ್ಚು ಅಭಿಮಾನಿಯೊಡನೆ ಸೇರಿ, ಆಟಿಕೆ ಪಿಸ್ತೂಲು ತೋರಿಸಿ ಜೆರ್ರಿಯನ್ನು ಅಪಹರಿಸುತ್ತಾನೆ. ಕೇಳುವುದು ಹಣವಲ್ಲ, ಅಂದಿನ ಕಾರ್ಯಕ್ರಮದ ಆರಂಭದಲ್ಲಿ ಕೆಲವು ನಿಮಿಷ. ಅದು ಸಿಗುತ್ತದೆ. ಜೆರ್ರಿಯನ್ನು ಕಟ್ಟಿಹಾಕಿ ಬಂದಿದ್ದೇನೆ ಎಂದು ನಿಜ ಹೇಳಿದರೂ ಜನ ಅದನ್ನು ಜೋಕ್ ಎಂದು ನಗುತ್ತಾರೆ.

ಅವನಿಗೆ 6 ವರ್ಷ ಸಜೆಯಾಗುತ್ತದೆ. 2 ವರ್ಷ 9 ತಿಂಗಳಿಗೇ ಬಿಡುಗಡೆ. ಹೊರಬಂದವನಿಗೆ ಪತ್ರಿಕೆಗಳ ಮುಖಪುಟ, ಆತ್ಮಕಥೆ, ಮತ್ತೆ ಟಿವಿ. ಇದು ನಿಜವೋ, ಅವನ ಹಗಲುಗನಸೋ ಎಂಬುದನ್ನು ಚಿತ್ರ ಬಿಡಿಸಿ ಹೇಳುವುದಿಲ್ಲ.

ಚಿತ್ರಕಥೆ ಬರೆದ ಪಾಲ್ ಝಿಮ್ಮರ್‌ಮನ್ ಅವರು ನ್ಯೂಸ್‌ವೀಕ್ ಪತ್ರಿಕೆಯಲ್ಲಿ ಚಿತ್ರ ವಿಮರ್ಶಕರಾಗಿದ್ದವರು. ಒಂದು ದೃಶ್ಯದಲ್ಲಿ ರಸ್ತೆ ಬದಿಯ ಫೋನಿನಲ್ಲಿದ್ದ ಮಹಿಳೆ, ತನ್ನ ಬಂಧುವಿನೊಡನೆ ಮಾತಾಡಲು ಜೆರ್ರಿಯನ್ನು ಕೇಳುತ್ತಾಳೆ. ಆತ ಒಲ್ಲೆನೆಂದ ಕೂಡಲೇ ‘ನಿನಗೆ ಕ್ಯಾನ್ಸರ್ ಬರಲಿ’ ಎಂದು ಶಪಿಸುತ್ತಾಳೆ. ಇದು ಸ್ವತಃ ಹಾಸ್ಯತಾರೆಯಾಗಿದ್ದ ಲೂಯಿಸ್ ಅವರ ಬದುಕಿನಲ್ಲೇ ನಡೆದ ಪ್ರಸಂಗ.

ಹುಚ್ಚು ಅಭಿಮಾನದ ಅಪಾಯ ಆ ದಿನಗಳಲ್ಲಿ ಕಣ್ಣೆದುರೇ ಇತ್ತು. 1981ರ ಮಾರ್ಚ್ 30ರಂದು ಅಧ್ಯಕ್ಷ ರೇಗನ್ ಅವರ ಮೇಲೆ ಗುಂಡು ಹಾರಿಸಿದ ಜಾನ್ ಹಿಂಕ್ಲಿಗೆ ಬೇಕಿದ್ದುದು ಒಬ್ಬ ನಟಿಯ ಗಮನ. ಅವನ ತಲೆ ಹೊಕ್ಕಿದ್ದ ಚಿತ್ರ ‘ಟ್ಯಾಕ್ಸಿ ಡ್ರೈವರ್’ (1976). ಅದೂ ಸ್ಕಾರ್ಸೆಸಿ ಮತ್ತು ಡಿ ನೀರೊ ಅವರದೇ.

1983ರ ಕಾನ್ ಚಿತ್ರೋತ್ಸವದ ಉದ್ಘಾಟನಾ ಚಿತ್ರ ಇದೇ. ಚಿತ್ರಕಥೆಗೆ ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿಯೂ ಬಂತು. ಆದರೆ ಸುಮಾರು 1.9 ಕೋಟಿ ಡಾಲರ್ ವೆಚ್ಚದ ಚಿತ್ರ ಅಮೆರಿಕದಲ್ಲಿ ಗಳಿಸಿದ್ದು ಸುಮಾರು 25 ಲಕ್ಷ ಡಾಲರ್ ಮಾತ್ರ. ಮೆಚ್ಚುಗೆ ಬೆಳೆದದ್ದು ನಿಧಾನವಾಗಿ. 2019ರ ‘ಜೋಕರ್’ ಮೇಲೆ ಇದರ ನೆರಳು ಸ್ಪಷ್ಟ. ಅಲ್ಲಿ ಡಿ ನೀರೊ ಅವರೇ ಟಿವಿ ನಿರೂಪಕ.

ಚಿತ್ರದ ಕುಟುಕು ರೂಪರ್ಟ್‌ಗೆ ಮಾತ್ರವಲ್ಲ. ಅಪಹರಣ ಮಾಡಿದವನ ಪುಸ್ತಕ ಕೊಳ್ಳುವವರಿಗೂ, ಅವನನ್ನು ಕರೆದು ಕೂರಿಸುವ ಟಿವಿಗೂ ಅದು ತಾಗುತ್ತದೆ. ಹೇಗೆ ಹೆಸರು ಬಂತೆಂದು ಕೇಳದೆ ಚಪ್ಪಾಳೆ ತಟ್ಟುವವರು ಇರುವವರೆಗೆ ರೂಪರ್ಟ್‌ಗಳಿಗೆ ಬರವಿಲ್ಲ.