ಜೀವಕೋಶದ ಕಿರುಚೀಲಗಳು: ಪ್ರೋಟೀನ್ ಕವಚ ಮತ್ತು ಪೊರೆಯ ದ್ರವತೆ

ರಕ್ತದ ಕೊಲೆಸ್ಟರಾಲ್ ಪರೀಕ್ಷೆಗೆ ಬರುವ ಸಾರ್ವಜನಿಕರ ತಿಳಿವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ. ರಕ್ತದಲ್ಲಿರುವ ಎಲ್‌ಡಿಎಲ್ ಕೊಲೆಸ್ಟರಾಲ್ ಜೀವಕೋಶದೊಳಗೆ ಸೇರುವುದು ವೆಸಿಕಲ್ ಎನ್ನಲಾಗುವ ಕಿರುಚೀಲಗಳ ಮೂಲಕ.

1. ಪೊರೆಯ ದ್ರವತೆ ಎಂದರೇನು?
ಜೀವಕೋಶದ ಪೊರೆಯು ಕೊಬ್ಬಿನ ಅಣುಗಳ ಎರಡು ಪದರಗಳಿಂದ ಕೂಡಿದ್ದು, ಸುಮಾರು 4ರಿಂದ 5 ನ್ಯಾನೋಮೀಟರ್ ದಪ್ಪವಿರುತ್ತದೆ. ಈ ಅಣುಗಳೂ, ಅವುಗಳ ನಡುವೆ ನೆಲೆಸಿರುವ ಪ್ರೋಟೀನುಗಳೂ ಪೊರೆಯ ಉದ್ದಗಲಕ್ಕೆ ಸರಿದಾಡುತ್ತಿರುತ್ತವೆ. ಈ ಗುಣವೇ ದ್ರವತೆ. ಉಷ್ಣಾಂಶ, ಕೊಬ್ಬಿನಾಮ್ಲಗಳ ಸ್ವರೂಪ ಹಾಗೂ ಪೊರೆಯಲ್ಲಿನ ಕೊಲೆಸ್ಟರಾಲ್ ಪ್ರಮಾಣ ಇದನ್ನು ನಿರ್ಧರಿಸುತ್ತವೆ.

2. ಕವಚದ ಪರಿಣಾಮ
1976ರಲ್ಲಿ ಬಾರ್ಬರಾ ಪಿಯರ್ಸ್ ಅವರು ಕ್ಲಾಥ್ರಿನ್ ಎಂದು ಹೆಸರಿಸಿದ ಪ್ರೋಟೀನು ಮೂರು ಕಾಲುಗಳ ಆಕಾರದ್ದಾಗಿದೆ. ಇಂತಹ ಅನೇಕ ಘಟಕಗಳು ಹೆಣೆದುಕೊಂಡು ಬುಟ್ಟಿಯಂತಹ ಕವಚವಾಗುತ್ತವೆ. ಕವಚ ಹಾಗೂ ಪೊರೆಯ ನಡುವಿನ ಜೋಡಣಾ ಪ್ರೋಟೀನುಗಳು ಎಲ್‌ಡಿಎಲ್ ಗ್ರಾಹಕಗಳನ್ನು ಹಿಡಿದಿಡುತ್ತವೆ. ಪೊರೆಯು ದ್ರವವಾಗಿರುವುದರಿಂದಲೇ ಗ್ರಾಹಕಗಳು ತೇಲುತ್ತಾ ಅಲ್ಲಿಗೆ ಬರುತ್ತವೆ. ಕವಚಕ್ಕೆ ಸಿಲುಕಿದ ಬಳಿಕ ಅವುಗಳ ಚಲನೆ ಕುಗ್ಗುತ್ತದೆ. ಕವಚವಿರುವ ಭಾಗವು ಬಿಗಿಯಾಗಿ, ಬಾಗಿ, ಚೀಲವಾಗಿ ಬೇರ್ಪಡುತ್ತದೆ. ಆದರೆ ಪೊರೆಯು ಗಟ್ಟಿಯಾಗಿ ಹೆಪ್ಪುಗಟ್ಟುವುದಿಲ್ಲ. ಅನಂತರ ಎಚ್‌ಎಸ್‌ಸಿ70 ಎಂಬ ಪ್ರೋಟೀನು ಎಟಿಪಿ ಶಕ್ತಿಯನ್ನು ಬಳಸಿ ಕವಚವನ್ನು ಕಳಚುತ್ತದೆ. ಆಗ ಮಾತ್ರ ಚೀಲವು ಮುಂದಿನ ಪೊರೆಯೊಡನೆ ಬೆರೆಯಬಲ್ಲದು.

3. ಈ ವ್ಯವಸ್ಥೆ ತಪ್ಪಿದಾಗ
ಮೈಕೇಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್ ಅವರು ಅಧ್ಯಯನ ಮಾಡಿದ ಒಬ್ಬ ರೋಗಿಯಲ್ಲಿ ಎಲ್‌ಡಿಎಲ್ ಗ್ರಾಹಕಕ್ಕೆ ಅಂಟಿಕೊಳ್ಳುತ್ತಿತ್ತು. ಆದರೆ ಗ್ರಾಹಕವು ಕವಚಕ್ಕೆ ಸಿಲುಕದೆ ಪೊರೆಯ ಮೇಲೆಯೇ ಚದುರಿ ಉಳಿಯುತ್ತಿದ್ದುದರಿಂದ ಕೊಲೆಸ್ಟರಾಲ್ ಒಳಸೇರುತ್ತಿರಲಿಲ್ಲ. ಕೊಲೆಸ್ಟರಾಲ್ ನಿಯಂತ್ರಣದ ಕುರಿತ ಸಂಶೋಧನೆಗಾಗಿ ಇವರಿಬ್ಬರಿಗೆ 1985ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ಗ್ರಾಹಕದ ಇಂತಹ ವಿವಿಧ ದೋಷಗಳಿಂದ ಉಂಟಾಗುವ ವಂಶಪಾರಂಪರ್ಯ ಅಧಿಕ ಕೊಲೆಸ್ಟರಾಲ್ ಸ್ಥಿತಿಯು ಸುಮಾರು 250 ಜನರಲ್ಲಿ ಒಬ್ಬರಿಗೆ ಇರುತ್ತದೆ. ತಂದೆ ಅಥವಾ ತಾಯಿಯಲ್ಲಿ ಒಬ್ಬರಿಗೆ ಈ ದೋಷವಿದ್ದಲ್ಲಿ, ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಸಾಮಾನ್ಯವಾಗಿ ಶೇ. 50.

4. ಸಾರ್ವಜನಿಕರ ಗಮನಕ್ಕೆ
• ಕುಟುಂಬದಲ್ಲಿ ಚಿಕ್ಕ ವಯಸ್ಸಿನಲ್ಲಿಯೇ ಹೃದಯಾಘಾತ ಸಂಭವಿಸಿದ್ದಲ್ಲಿ ಆ ವಿವರವನ್ನು ವೈದ್ಯರಿಗೆ ತಪ್ಪದೆ ತಿಳಿಸತಕ್ಕದ್ದು.
• ಪೊರೆಯ ದ್ರವತೆಯನ್ನು ಅಳೆಯುವ ಪರೀಕ್ಷೆ ಬೇಕಾಗಿಲ್ಲ. ಮೊದಲ ಹಂತದಲ್ಲಿ ರಕ್ತದ ಲಿಪಿಡ್ ಪರೀಕ್ಷೆ ಸಾಕು.
• ಒಬ್ಬರಲ್ಲಿ ದೋಷ ಖಚಿತವಾದಲ್ಲಿ ಅವರ ಒಡಹುಟ್ಟಿದವರು ಹಾಗೂ ಮಕ್ಕಳು ಸಹ ಪರೀಕ್ಷೆ ಮಾಡಿಸಿಕೊಳ್ಳುವುದು.
• ಸ್ಟ್ಯಾಟಿನ್ ಔಷಧಗಳು ಯಕೃತ್ತಿನ ಕೋಶಗಳಲ್ಲಿ ಎಲ್‌ಡಿಎಲ್ ಗ್ರಾಹಕಗಳನ್ನು ಹೆಚ್ಚಿಸುತ್ತವೆ. ವೈದ್ಯರ ಸಲಹೆಯಿಲ್ಲದೆ ಇವುಗಳನ್ನು ಆರಂಭಿಸುವುದಾಗಲಿ, ನಿಲ್ಲಿಸುವುದಾಗಲಿ ಸಲ್ಲದು.